ಒಂದೇ ತೊಟ್ಟಿಯ ಕಪ್ಪೆಗಳು

ಮದುವೆ ಮಾತು ಮುಗಿಸುವ ಮೊದಲು ಗಂಡಿನ ಮನೆ ನೋಡಲು ಶಿವಲೀಲಾ ತಂದೆಯ ಜೊತೆ ಬಂದಿದ್ದಳು. ಹುಡುಗನ ತಂದೆ ವಿರೂಪಾಕ್ಷಯ್ಯ ಇಬ್ಬರನ್ನೂ ನಡುಮನೆಯ ಗಾಜಿನ ತೊಟ್ಟಿಯ ಮುಂದೆ ನಿಲ್ಲಿಸಿದರು.

"ಮೂರು ಜಾತಿ ಕಪ್ಪೆ ತಂದು ಒಟ್ಟಿಗೆ ಬಿಟ್ಟೆ. ಬೇರೆ ಬೇರೆ ಇಡಿ ಸಾರ್ ಅಂದ ಅಂಗಡಿಯವನು. ನಾನು ಕೇಳಲಿಲ್ಲ. ನಮ್ಮನೇಲೂ ಹಾಗೇ, ಮಕ್ಕಳು ಸೊಸೆಯಂದಿರು ಎಲ್ಲ ಒಂದೇ ಸೂರಿನಡಿ."

ಶಿವಲೀಲಾ ಬಗ್ಗಿ ನೋಡಿದಳು. ಕಲ್ಲಿನ ಮೇಲೆ ಅಂಗೈಯಗಲದ ಒಂದೇ ಒಂದು ಕಪ್ಪೆ ಕಣ್ಣು ಅರೆಮುಚ್ಚಿ ಕೂತಿತ್ತು.

"ಉಳಿದವು ಎಲ್ಲಿ ಅಂಕಲ್?"

ಕಾಫಿ ತಂದ ಹಿರಿಯ ಸೊಸೆ ತಟ್ಟೆ ಇಡುತ್ತ, "ಎಲ್ಲಾನೂ ಇದೇ ನುಂಗಿಬಿಡ್ತು" ಎಂದಳು.

"ಅವಕ್ಕೆ ಹೊಂದಿಕೊಂಡು ಹೋಗೋ ಗುಣ ಇರಲಿಲ್ಲಮ್ಮ" ಎಂದರು ವಿರೂಪಾಕ್ಷಯ್ಯ. "ಈಗ ನೋಡು, ಜಗಳವೇ ಇಲ್ಲ."

ಶಿವಲೀಲಾಳ ತಂದೆ ಕಾಫಿ ಮುಟ್ಟಲಿಲ್ಲ. ಹುಡುಗ ಹುಡುಗಿ ಮಾತಾಡಲಿ ಎಂದು ವಿರೂಪಾಕ್ಷಯ್ಯ ಇಬ್ಬರನ್ನೂ ಹಿತ್ತಲಿಗೆ ಕಳಿಸಿದರು. ಈ ಸಂಬಂಧ ಬೇಡವೆಂದು ಹೇಗೆ ಹೇಳುವುದು ಎಂದು ಶಿವಲೀಲಾ ಮಾತು ಹುಡುಕುತ್ತಿದ್ದಳು. ಅಲ್ಲಿಯವರೆಗೆ ಬಾಯಿ ಬಿಡದಿದ್ದ ಹುಡುಗ ಬಾಗಿಲ ಕಡೆ ಒಮ್ಮೆ ನೋಡಿ, ದನಿ ತಗ್ಗಿಸಿ ಕೇಳಿದ:

"ನಿಮ್ಮೂರಲ್ಲಿ ಬಾಡಿಗೆ ಮನೆ ಸಿಗುತ್ತೇನ್ರೀ?"