ಎಷ್ಟನೇ ಸಲ?

ಬಿ.ಎಸ್ಸಿ. ಮುಗಿಸಿ ನೀಟ್ ಕೋಚಿಂಗಿಗೆ ಸೇರಿದ್ದ ಪ್ರಫುಲ್ಲಾಳನ್ನು ಕಂಡರೆ ಜೀವಶಾಸ್ತ್ರದ ಮೇಷ್ಟ್ರಿಗೆ ಯಾಕೋ ಮೈಯೆಲ್ಲ ಉರಿಯುತ್ತಿತ್ತು.

"ಎಷ್ಟನೇ ಸಲಮ್ಮ ಇದು?" ಎಂದು ಇಡೀ ಕ್ಲಾಸಿನೆದುರು ಕೇಳಿದರು.

"ಮೂರನೇದು ಸಾರ್."

"ಚಿಕ್ಕ ಮಕ್ಕಳ ಜೊತೆ ಕೂತ್ಕೊಳ್ಳೋಕೆ ನಾಚಿಕೆ ಆಗಲ್ವಾ? ಡಾಕ್ಟರಾಗೋ ಯೋಗ್ಯತೆ ಇದ್ದಿದ್ರೆ ಮೊದಲನೇ ಸಲಾನೇ ಸೀಟು ಸಿಕ್ತಿತ್ತು. ಸುಮ್ನೆ ಮನೇಲಿರು."

ಕ್ಲಾಸು ಗೊಳ್ಳೆಂದು ನಕ್ಕಿತು. ಪ್ರಫುಲ್ಲಾ ಹಲ್ಲು ಕಚ್ಚಿಕೊಂಡು ಓದಿದಳು. ಈ ಮನುಷ್ಯನ ಮುಖಕ್ಕೆ ಹೊಡೆದ ಹಾಗೆ ಸೀಟು ತಗೋಬೇಕು ಎಂಬುದೊಂದೇ ಹಟ.

ಪರೀಕ್ಷೆಯ ದಿನ ಅವಳ ಮುಂದಿನ ಬೆಂಚಿನಲ್ಲಿ ಯಾರೋ ನಡುವಯಸ್ಸಿನವರು ಬೋಳುನೆತ್ತಿ ತಗ್ಗಿಸಿ ಕೂತಿದ್ದರು. ಅವರ ಹಾಲ್ ಟಿಕೆಟ್ ನೋಡಿದ ಮೇಲ್ವಿಚಾರಕಿ, "ಎಷ್ಟನೇ ಸಲ ಸಾರ್?" ಎಂದು ಕೇಳಿದರು.

"ಹನ್ನೊಂದನೇದು," ಎಂದು ಮೆಲ್ಲಗೆ ಹೇಳಿದರು ಜೀವಶಾಸ್ತ್ರದ ಮೇಷ್ಟ್ರು.