ಒಗ್ಯಾಣದ ಕಲ್ಲು

ಯಲ್ಲಾರಿ ತನ್ನ ಅಂಗಿಯನ್ನು ತಾನೇ ಒಗೆಯುತ್ತಿದ್ದ.

ಮಮದಾಪುರದ ಆ ಓಣಿಗೆ ಇದು ಸಣ್ಣ ಸುದ್ದಿಯೇನಲ್ಲ. ಲಗ್ನವಾಗಿ ಹನ್ನೊಂದು ವರ್ಷವಾದರೂ ಒಗ್ಯಾಣದ ಕಲ್ಲಿನ ಹತ್ತಿರ ಸುಳಿಯದ ಗಂಡಸು. ಈಗ ಹಿತ್ತಲಲ್ಲಿ ಬಾಯಿಗೆ ಟವೆಲ್ ಬಿಗಿದುಕೊಂಡು, ಬಟ್ಟೆಯನ್ನು ಬಕೆಟ್ಟಿನಲ್ಲಿ ಮುಳುಗಿಸಿ, ತೇಲದಂತೆ ಮೇಲೊಂದು ಕಲ್ಲು ಹೇರಿ ಕೂತಿದ್ದ. ಹೆಂಡತಿ ಸಾತವ್ವ ಬಾಗಿಲಿಗೆ ಬಂದರೆ ಕೈಬೀಸಿ ಅಟ್ಟುತ್ತಿದ್ದ.

"ಒಳಗ ಹೋಗ. ಇತ್ಲಾಗ ಬರಬ್ಯಾಡ."

"ಏನ್ ಮುಚ್ಚಿಡಾಕತ್ತೀರಿ ಅಂಗ್ಯಾಗ?"

"ಹೋಗಂದ್ರ ಹೋಗ!"

ಬಾಜೂ ಮನೆಯ ಪದ್ಮವ್ವ ಗೋಡೆಯ ಮೇಲಿಂದ ಇಣುಕಿದಳು. "ಸಾತವ್ವಾ, ಅಂಗಿಗೆ ಯಾರದರ ಕುಂಕುಮ ಹತ್ತೇತೇನ ನೋಡವಾ. ಇಲ್ಲಂದ್ರ ಒಂದಿನ ನಮ್ಮನಿಗೂ ಕಳಸವಾ ಅವ್ರನ್ನ, ಕೌದಿ ಬಿದ್ದಾವ ಒಗ್ಯಾಕ."

ಸಾತವ್ವನಿಗೆ ನಗು ಬರಲಿಲ್ಲ. ಕುಂಕುಮವಾಗಿದ್ದರೆ ಎಷ್ಟೋ ಚೆನ್ನಾಗಿತ್ತು.

ಘಟಪ್ರಭಾ ರಸ್ತೆಯ ಸಣ್ಣ ಫ್ಯಾಕ್ಟರಿಗೆ ಯಲ್ಲಾರಿ ಸೇರಿದ್ದು ಎರಡು ಸಾವಿರದ ಮೂರರಲ್ಲಿ. ಅದಕ್ಕೀಗ ನಾಲ್ಕು ವರ್ಷ. ಕೆಂಪಗೆ ಕಾದ ಉದ್ದನೆಯ ಕುಲುಮೆಯೊಳಗೆ ಗ್ಯಾಸು ಹಾಯಿಸಿದರೆ ಕಬ್ಬಿಣದ ಪುಡಿಯ ಮೇಲೆ ಮಸಿ ಬೆಳೆಯುತ್ತಿತ್ತು. ಬರೀ ಮಸಿಯಲ್ಲ, ಕಣ್ಣಿಗೆ ಕಾಣದ ಕೊಳವೆಗಳು, ನ್ಯಾನೋಟ್ಯೂಬ್. ಒಂದು ಕೂದಲಿನ ದಪ್ಪದಲ್ಲಿ ಸಾವಿರಾರು ಹಿಡಿಸುತ್ತವೆ, ಆದರೂ ಉಕ್ಕಿಗಿಂತ ಗಟ್ಟಿ ಎಂದು ಇಂಜಿನಿಯರ್ ಶ್ರೇಣಿಕ ಹೇಳುತ್ತಿದ್ದ. ಅದು ಪುಣೆಗೆ ಹೋಗಿ, ಪ್ಲಾಸ್ಟಿಕ್ಕಿನಲ್ಲಿ ಬೆರೆತು, ಕಾರುಗಳ ಪೆಟ್ರೋಲ್ ಪೈಪಾಗುತ್ತಿತ್ತು. ಬ್ಯಾಟರಿಗಳ ಹೊಟ್ಟೆ ಸೇರುತ್ತಿತ್ತು. ದೊಡ್ಡ ಡಬ್ಬಿ ತುಂಬಿದರೂ ಒಂದು ಹಿಡಿ ಚುರುಮುರಿಯಷ್ಟು ತೂಕ.

ಕುಲುಮೆ ಆರಿದ ಮೇಲೆ ಆ ಪುಡಿಯನ್ನು ಬ್ರಷ್ಷಿನಿಂದ ಕೆರೆದು ಡಬ್ಬಿಗೆ ತುಂಬುವುದು ಯಲ್ಲಾರಿಯ ಕೆಲಸ. "ಮಾರಿಗೆ ಮಾಸ್ಕ್ ಐತಿ, ಗ್ವಾಡಿಗೆ ಫ್ಯಾನ್ ಐತಿ. ಒಂದ ಕಣಾನೂ ಮೂಗಿಗೆ ಹೋಗಂಗಿಲ್ಲ," ಎಂದು ಶ್ರೇಣಿಕ ಭರವಸೆ ಕೊಟ್ಟಿದ್ದ. ಅಂಗಿಯ ಮಾತು ಯಾರೂ ಎತ್ತಿರಲಿಲ್ಲ. ಆ ಪುಡಿಗೆ ನೀರೆಂದರೆ ಆಗದು, ಎಷ್ಟು ಅದ್ದಿದರೂ ತೇಲಿ ಬರುತ್ತಿತ್ತು. ಸಾತವ್ವ ಅಂಗಿಯನ್ನು ಮೊದಲು ಒಣ ಇದ್ದಾಗಲೇ ಕಲ್ಲಿಗೆ ಬಡಿದು ಕೊಡವುತ್ತಿದ್ದಳು. ಒಮ್ಮೆ ಹಾಗೆ ಬಡಿಯುವಾಗ ತಾಳಿಯ ಎರಡು ಬಟ್ಟಲಲ್ಲಿ ಒಂದು ಕಲ್ಲಿಗೆ ಸಿಕ್ಕಿ ನೆಗ್ಗಿತ್ತು.

"ನಿನ್ನ ತವರಮನಿ ಕಡೇದ್ದ ನೆಗ್ಗೇತಿ. ನಮ್ಮ ಕಡೇದ ನೋಡ, ಹೆಂಗ ಗಟ್ಟಿ ಐತಿ!" ಎಂದು ಯಲ್ಲಾರಿ ವಾರಗಟ್ಟಲೆ ಚುಡಾಯಿಸಿದ್ದ.

ಆ ಯಲ್ಲಾರಿ ಈಗ ನಗುತ್ತಿರಲಿಲ್ಲ.

ಎಲ್ಲ ಶುರುವಾದದ್ದು ಎಕ್ಸ್-ರೇ ವ್ಯಾನು ಬಂದ ಮೇಲೆ. ಕೆಲಸದವರಿಗೂ ಮನೆಯವರಿಗೂ ಪುಕ್ಕಟೆ ತಪಾಸಣೆ ಎಂದು ಫ್ಯಾಕ್ಟರಿ ಗೇಟಿನಲ್ಲಿ ಸಾಲು ನಿಲ್ಲಿಸಿದ್ದರು. ಮೈಮೇಲಿನದೆಲ್ಲ ತೆಗೆಯಿರಿ ಎಂದರೆ ಸಾತವ್ವ ತಾಳಿಗೆ ಕೈ ಹಚ್ಚಲಿಲ್ಲ. "ಗಂಡ ಇರೂತನಾ ಇದನ್ನ ತಗಿಯೂದಿಲ್ರಿ. ಅವ್ರ ಆಯುಷ್ಯ ಇದರಾಗ ಐತಿ."

"ಫೋಟೋದಾಗ ಚಂದ ಕಾಣ್ಬೇಕಂತ ಮಾಡೀ ಏನ ಬೇ?" ವ್ಯಾನಿನವನು ಗೊಣಗುತ್ತಲೇ ಗುಂಡಿ ಒತ್ತಿದ್ದ. ಸಾಲಿನಲ್ಲಿದ್ದ ಹೆಂಗಸರೆಲ್ಲ ಬಿದ್ದು ಬಿದ್ದು ನಕ್ಕಿದ್ದರು.

ವಾರದ ಮೇಲೆ ಯಲ್ಲಾರಿ ಘಟಪ್ರಭೆಗೆ ಹೋಗಿ ರಿಪೋರ್ಟು ತಂದ. "ಇಬ್ಬರದೂ ಸಾಫ್ ಐತಿ," ಎಂದ. ಅವಳ ಮುಖ ನೋಡಲಿಲ್ಲ. ಮರುದಿನದಿಂದ ಬಟ್ಟೆ ಒಗೆಯತೊಡಗಿದ.

ನಿನ್ನೆ ಸಂಜೆ ಶ್ರೇಣಿಕ ಮೋಟರ್ ಸೈಕಲ್ ಮೇಲೆ ಬಂದು ಓಣಿಯ ತಿರುವಿನಲ್ಲೇ ನಿಂತಿದ್ದ. ಸಾತವ್ವ ಗೋಡೆಗೆ ಆತು ಕಿವಿ ಕೊಟ್ಟಳು.

"ಇನ್ನಾ ಎಷ್ಟ ದಿನಾ ಅಂತಾರ್ರಿ?" ಗಂಡನ ದನಿ.

"ಮಿರಜಿ ದೊಡ್ಡ ದವಾಖಾನಿಗೆ ತೋರಸ್ರಿ ಅಂದಾರ ಡಾಕ್ಟರು. ಹೊಸಾ ಜಡ್ಡು, ಅವರ ಪುಸ್ತಕದಾಗೂ ಇಲ್ಲಂತ. ನಾಳಿಂದ ನೀ ಪುಡಿ ಮುಟ್ಟಬ್ಯಾಡ, ಗೇಟಿನ ಕೆಲಸ ಮಾಡ."

"ಮನ್ಯಾಗ ಹೆಂಗ ಹೇಳ್ಲಿ, ಸಾಹೇಬ್ರ? ಆಕಿ ಮಾರಿ ನೋಡಿದ್ರ ಬಾಯಿ ಏಳಂಗಿಲ್ಲ."

ಸಾತವ್ವ ಒಳಗೆ ಬಂದು ದೇವರ ಮುಂದೆ ದೀಪ ಹಚ್ಚಿದಳು.

ಅನುಮಾನ ಬಂದ ದಿನದಿಂದಲೇ ಅವಳು ಗಂಡನ ಆಯುಷ್ಯಕ್ಕಾಗಿ ಎಲ್ಲಮ್ಮನಿಗೆ ಹರಕೆ ಹೊತ್ತು, ಮಂಗಳವಾರ ಶುಕ್ರವಾರ ಒಪ್ಪತ್ತು ಬಿಟ್ಟಿದ್ದಳು. ಕುಬಸ ಸಡಿಲಾಗಿತ್ತು. ಕೊಡ ಹೊತ್ತು ತರುವಾಗ ನಡುದಾರಿಯಲ್ಲಿ ಎರಡು ಸಲ ನಿಲ್ಲಬೇಕಾಗುತ್ತಿತ್ತು. ಚಿಂತೆ ಎದೆಯ ಮೇಲೆ ಒಗ್ಯಾಣದ ಕಲ್ಲಿನಂತೆ ಕೂತಿತ್ತು.

"ಉಪವಾಸ ಗಿಪವಾಸ ಬಿಡ. ಹೊಟ್ಟಿತುಂಬ ಉಣ್ಣ," ಎಂದು ಯಲ್ಲಾರಿ ರಾತ್ರಿ ಊಟಕ್ಕೆ ಕೂತಾಗ ಸಿಟ್ಟಾದ. ತನ್ನ ತಾಟಿನ ತುಪ್ಪವನ್ನೆಲ್ಲ ಅವಳ ರೊಟ್ಟಿಯ ಮೇಲೆ ಸುರಿದ. ಹೋಗುವವನ ಪ್ರೀತಿ ಹೀಗೇ ಉಕ್ಕುತ್ತದೆಯೇನೋ ಎಂದುಕೊಂಡಳು ಸಾತವ್ವ.

ಇವತ್ತು ಅವನು ಗೇಟಿನ ಕೆಲಸಕ್ಕೆ ಹೋದದ್ದೇ ತಡ, ಟ್ರಂಕು ತೆಗೆದಳು. ತಾನಾಗಿ ಬಾಯಿಬಿಡುವ ಮನುಷ್ಯನಲ್ಲ; ಕಾಗದ ಕೈಗೆ ಸಿಕ್ಕರೆ ರಟ್ಟೆ ಹಿಡಿದು ಮಿರಜಿಗೆ ಎಳೆದೊಯ್ಯಬಹುದು. ಲಗ್ನದ ಧೋತರದ ಅಡಿಯಲ್ಲಿ ಕಂದು ಲಕೋಟೆ ಸಿಕ್ಕಿತು. ಒಳಗೆ ಒಂದೇ ಒಂದು ಕರಿ ಫಿಲ್ಮು.

ಬಾಗಿಲ ಬಿಸಿಲಿಗೆ ಹಿಡಿದಳು. ಪಕ್ಕೆಲುಬುಗಳ ಸಾಲು. ಎರಡೂ ಕಡೆ, ಕಪ್ಪಿರಬೇಕಾದಲ್ಲೆಲ್ಲ, ಬಿಳಿ ಮಂಜು.

"ಅಯ್ಯ ನನ್ನ ದೊರೀ," ಎಂದಳು. ಗಂಡನ ಎದೆಯನ್ನೇ ಸವರುವಂತೆ ಮಂಜಿನ ಮೇಲೆ ಬೆರಳಾಡಿಸಿದಳು. ಬೆರಳು ಮೆಲ್ಲಗೆ ಮೇಲಕ್ಕೆ ಹೋಯಿತು. ಕುತ್ತಿಗೆಯ ಕೆಳಗೆ ಬಂದು ನಿಂತಿತು.

ಅಲ್ಲಿ ಬೆಳ್ಳಗೆ ಹೊಳೆಯುತ್ತಿದ್ದವು ಎರಡು ಪುಟ್ಟ ಬಟ್ಟಲು, ಅವುಗಳಲ್ಲೊಂದು ನೆಗ್ಗಿತ್ತು.