ಸೊನ್ನೆ ಮೇಷ್ಟ್ರ ಸೀಟು

ಮೆಡಿಕಲ್ ಕಾಲೇಜಿನ ಕಚೇರಿಯಿಂದ ಸೊನ್ನೆ ಮೇಷ್ಟ್ರು ನಗುನಗುತ್ತಾ ಹೊರಬಂದದ್ದನ್ನು ಕಂಡು, ಸೀಟಿನ ಬಗ್ಗೆ ವಿಚಾರಿಸಲು ಬಂದಿದ್ದ ಹುಡುಗಿ ಸರಕ್ಕನೆ ಕಂಬದ ಹಿಂದೆ ಸರಿದಳು. ಮೇಷ್ಟ್ರು ನಕ್ಕರೆಂದರೆ ಯಾರದೋ ಗ್ರಹಚಾರ ಕೆಟ್ಟಿತೆಂದೇ ಲೆಕ್ಕ. ಇಂದು ಅದು ತನ್ನದೇ ಎಂಬುದರಲ್ಲಿ ಅವಳಿಗೆ ಸಂಶಯವಿರಲಿಲ್ಲ.

ಪಿಯುಸಿಯ ಎರಡೂ ವರ್ಷ ಅವಳು ಕ್ಲಾಸಿಗಿಂತ ಕ್ಯಾಂಟೀನಿನಲ್ಲಿ ಕೂತದ್ದೇ ಹೆಚ್ಚು. ಕೆಮಿಸ್ಟ್ರಿಯಲ್ಲಿ ಮೇಷ್ಟ್ರು ಧಾರಾಳವಾಗಿ ಸೊನ್ನೆ ಸುತ್ತಿದ್ದರು. ಆಮೇಲೆ ಅಪ್ಪನ ಆಪರೇಷನ್ನಿಗೆಂದು ಆಸ್ಪತ್ರೆಯಲ್ಲಿ ಕೂತು ಕೂತು ಡಾಕ್ಟರಾಗುವ ಆಸೆ ಹುಟ್ಟಿತು. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದಂತೆ.

"ಪಾಸಾಗೋಕೇ ಗತಿಯಿಲ್ಲ, ಪ್ರಾಣ ಉಳಿಸ್ತಾಳಂತೆ!" ಎಂದರು ಅಮ್ಮ.

ಬಿದ್ದ ಪರೀಕ್ಷೆಗಳನ್ನು ಮತ್ತೆ ಬರೆದು ಒಳ್ಳೆಯ ಅಂಕ ತೆಗೆದರೆ ಮಾತ್ರ ಮೆಡಿಕಲ್ ಸೀಟಿನ ಮಾತು. ಪಾಠ ಹೇಳಲು ಒಪ್ಪಿದ್ದು ಆ ವೇಳೆಗೆ ನಿವೃತ್ತರಾಗಿದ್ದ ಸೊನ್ನೆ ಮೇಷ್ಟ್ರೊಬ್ಬರೇ. ಈಗ ನೋಡಿದರೆ ಅವರೇ ಇಲ್ಲಿ ಚಾಡಿ ಹೇಳಿ ಹೋಗುತ್ತಿದ್ದಾರೆ!

ಸಂಜೆ ಪಾಠಕ್ಕೆ ಹೋದಾಗ ಮೇಷ್ಟ್ರು ಬೇಯಿಸಿದ ಸೊಪ್ಪನ್ನು ಮುಖ ಕಿವುಚಿಕೊಂಡು ತಿನ್ನುತ್ತಿದ್ದರು.

"ಕೊಬ್ಬು ಇಳಿಸ್ಬೇಕಮ್ಮ. ಮೆಡಿಕಲ್ ಕಾಲೇಜಲ್ಲಿ ಕೊಬ್ಬಿರೋರನ್ನ ಯಾರೂ ಇಷ್ಟಪಡಲ್ಲ."

ಮಾತು ತನಗೇ ಎಂದು ಅವಳಿಗೆ ಉರಿಯಿತು. "ನನ್ನ ಸೊನ್ನೆಗಳ ಕಥೆ ಹೇಳೋಕೆ ಹೋಗಿದ್ರಾ ಸಾರ್ ಅಲ್ಲಿಗೆ?"

"ನಿನ್ನ ಕಥೆ ಯಾರಿಗೆ ಬೇಕು? ನನ್ನ ಸೀಟಿನ ವಿಚಾರಕ್ಕೆ ಹೋಗಿದ್ದೆ. ಹುಡುಗನಾಗಿದ್ದಾಗ ಅಂಕ ಸಾಲದು ಅಂತ ಗೇಟಿಂದಲೇ ಓಡಿಸಿದ್ರು. ಈಗ ಒಪ್ಕೊಂಡಿದಾರೆ. ನೋಡ್ತಿರು, ನಿನಗಿಂತ ಮೊದಲು ಒಳಗೆ ಹೋಗೋದು ನಾನೇ. ಪಂದ್ಯನಾ?"

"ಪಂದ್ಯ!" ಎಂದಳು ಹುಡುಗಿ. ಇಷ್ಟು ಗೇಲಿ ಅವಳನ್ನು ಅಮ್ಮನೂ ಮಾಡಿರಲಿಲ್ಲ.

ಸಿಟ್ಟಿಗೆ ಓದಿದಳು. ಅವಳು ಉತ್ತರ ಹೇಳಿದಾಗಲೆಲ್ಲ ಮೇಷ್ಟ್ರು ಕಿರುಬೆರಳಿನಿಂದ ಮೇಜು ಕುಟ್ಟುತ್ತಿದ್ದರು. ಲ್ಯಾಬಿನಲ್ಲಿ ಆ್ಯಸಿಡ್ ಬಿದ್ದು ಕೊಕ್ಕೆಯಂತೆ ಬಾಗಿದ್ದ ಬೆರಳು ಅದು. "ಗೊತ್ತಾ? ಊಹೆನಾ?" ಎಂಬುದೊಂದೇ ಪ್ರಶ್ನೆ. ಊಹೆಯೆಂದರೆ ಅಂದಿನ ಪಾಠ ಮತ್ತೆ ಮೊದಲಿನಿಂದ.

ಪರೀಕ್ಷೆ ಬರೆದು ಅಪ್ಪ ಅಮ್ಮನ ಊರಿಗೆ ಹೋದವಳು ಸಂದರ್ಶನಕ್ಕೆಂದೇ ಮರಳಿದಳು. ಅಂಕಗಳು ಅವಳಿಗೇ ನಂಬಲಾಗದಷ್ಟು ಬಂದಿದ್ದವು.

"ಹಳೇ ಅಂಕಪಟ್ಟಿಯಲ್ಲಿರೋ ಈ ಸೊನ್ನೆಗಳ ಬಗ್ಗೆ ಏನ್ ಹೇಳ್ತೀಯಮ್ಮ?" ಎಂದು ಕೇಳಿದರು ಸಂದರ್ಶಕರು.

"ಆಗ ಊಹೆ ಮಾಡ್ತಿದ್ದೆ ಸಾರ್. ಈಗ ಗೊತ್ತು."

ಸೀಟು ಸಿಕ್ಕಿತು. ಚಾಡಿಯ ಸುಳಿವೇ ಇರಲಿಲ್ಲ.

ಅಲ್ಲಿಂದ ನೇರ ಮೇಷ್ಟ್ರ ಮನೆಗೆ ಓಡಿದರೆ ಬಾಗಿಲಿಗೆ ಬೀಗ. ಸೋತ ಮುಖ ತೋರಿಸಲಾರದೆ ಮಗಳ ಮನೆ ಸೇರಿರಬೇಕು ಎಂದು ಹುಡುಗಿ ಖುಷಿಪಟ್ಟಳು. ಗೇಟು ದಾಟುವಷ್ಟರಲ್ಲಿ ಖುಷಿ ಇಳಿದುಹೋಯಿತು. ಬೈಯಲು ಆ ಮುದುಕ ಇಲ್ಲದೆ ಗೆದ್ದದ್ದೂ ಸಪ್ಪೆ ಎನಿಸಿ ಅಳು ಬಂತು.

ಮೆಡಿಕಲ್ ಕಾಲೇಜಿನ ಮೊದಲ ವಾರವೇ ಅಂಗರಚನೆಯ ತರಗತಿ. ಬಿಳಿ ಬಟ್ಟೆ ಹೊದಿಸಿದ ಮೇಜಿನ ಸುತ್ತ ಹೊಸಬರೆಲ್ಲ ಮೂಗು ಮುಚ್ಚಿಕೊಂಡು ನಿಂತರು. ಪಾಠದ ಮೇಡಂ ಬಟ್ಟೆಯನ್ನು ಮೊಣಕೈವರೆಗೆ ಮಾತ್ರ ಸರಿಸಿದರು.

"ಅದೃಷ್ಟವಂತರು ನೀವು. ದಾನವಾಗಿ ಬಂದ ದೇಹ. ಕೊಬ್ಬೇ ಇಲ್ಲ, ನರಗಳೆಲ್ಲ ಚೆನ್ನಾಗಿ ಕಾಣುತ್ವೆ. ಈ ಕಿರುಬೆರಳು ಯಾಕೆ ಹೀಗೆ ಬಾಗಿದೆ, ಯಾರು ಹೇಳ್ತೀರಾ?"

ಒಬ್ಬ ಹುಟ್ಟಿನಿಂದ ಎಂದ. ಇನ್ನೊಬ್ಬ ಮೂಳೆ ಮುರಿತ ಎಂದ. ಹುಡುಗಿ ಮೂಗಿನ ಮೇಲಿದ್ದ ಕೈ ತೆಗೆದಳು.

"ಆ್ಯಸಿಡ್, ಮೇಡಂ."

"ಊಹೆನಾ?"

"ಅಲ್ಲ ಮೇಡಂ, ಗೊತ್ತು. ಪಂದ್ಯ ಇವರೇ ಗೆದ್ರು."